ಅಗೇಟ್ ಉಂಡೆಗಳ ಸಂಗ್ರಹ

ಲಾವಾ ಶಿಲೆಯ ಪೊಳ್ಳುಗಳಲ್ಲಿ ಬೆಳೆದ ಪಟ್ಟೆಪಟ್ಟೆಯ ಸಿಲಿಕಾ ಉಂಡೆಗಳನ್ನು ಕೊಯ್ದು, ಹೊಳಪು ಕೊಟ್ಟು, ಅಲಂಕಾರಕ್ಕೂ ಅಧ್ಯಯನಕ್ಕೂ ಕೂಡಿಡುವ ಹವ್ಯಾಸ. ಅಗೇಟ್ (ಅಕೀಕ) ಸೂಕ್ಷ್ಮ ಹರಳುಗಳ ಕ್ಯಾಲ್ಸೆಡೊನಿಯ ಒಂದು ಬಗೆ. ಮೋಸ್ ಮಾನದಲ್ಲಿ ಕಾಠಿಣ್ಯ 6.5–7. ಹೆಸರು ಬಂದದ್ದು ಸಿಸಿಲಿಯ ಅಕಾಟೀಸ್ ನದಿಯಿಂದ.

ಲಾವಾ ಆರುವಾಗ ಅನಿಲದ ಗುಳ್ಳೆಗಳು ಉಳಿಸಿದ ಪೊಳ್ಳಿಗೆ ಸಿಲಿಕಾ ಬೆರೆತ ನೀರು ಜಿನುಗುತ್ತದೆ; ಸಿಲಿಕಾ ಗೋಡೆಯಿಂದ ಒಳಕ್ಕೆ ಪದರಪದರವಾಗಿ ಕಟ್ಟಿಕೊಳ್ಳುತ್ತದೆ. ನಡುವೆ ಟೊಳ್ಳು ಉಳಿದರೆ ಅದು ಜಿಯೋಡ್. ಕೊಯ್ಯದ ಉಂಡೆ ಮಣ್ಣು ಮೆತ್ತಿದ ಆಲೂಗಡ್ಡೆಯಂತೆ ತೀರ ಸಾಧಾರಣ. ವಜ್ರದಂಚಿನ ಗರಗಸ ಹಾಯ್ದ ಮೇಲೆಯೇ ಕೆಂಪು, ಬೂದು, ಹಾಲುಬಿಳುಪಿನ ಬಳೆಗಳು ಕಾಣುತ್ತವೆ. ಕೊಯ್ದ ಮುಖವನ್ನು ಸಿಲಿಕಾನ್ ಕಾರ್ಬೈಡ್ ಪುಡಿಯಲ್ಲಿ ಒರಟಿನಿಂದ ನಯಕ್ಕೆ ಉಜ್ಜಿ, ಸೀರಿಯಂ ಆಕ್ಸೈಡಿನಿಂದ ಹೊಳಪು ತರುತ್ತಾರೆ.

ಜರ್ಮನಿಯ ಈಡಾರ್-ಓಬರ್‌ಸ್ಟೈನ್ ಈ ಕಸುಬಿನ ಹಳೆಯ ಕೇಂದ್ರ. ಸ್ಥಳೀಯ ಕಲ್ಲು ಬರಿದಾಗುತ್ತ ಬಂದ 19ನೆಯ ಶತಮಾನದಲ್ಲಿ ಅಲ್ಲಿಗೆ ಬ್ರೆಜಿಲ್‌ನ ಉಂಡೆಗಳು ಹಡಗಿನಲ್ಲಿ ಬಂದವು. ಸಕ್ಕರೆ ದ್ರಾವಣ, ಗಂಧಕಾಮ್ಲಗಳಿಂದ ಕಲ್ಲನ್ನು ಕಪ್ಪಾಗಿಸುವ ವಿದ್ಯೆಯೂ ಅಲ್ಲಿ ಬೆಳೆಯಿತು. ಇಂದು ಮಾರಾಟಕ್ಕಿರುವ ಕಡುನೀಲಿ, ಕಡುಗುಲಾಬಿ ಬಿಲ್ಲೆಗಳು ಸಾಮಾನ್ಯವಾಗಿ ಬಣ್ಣ ಹಾಕಿದವೇ.

ಭಾರತದಲ್ಲಿ ಗುಜರಾತಿನ ರತನ್‌ಪುರದ ಕಲ್ಲನ್ನು ಖಂಭಾತ್‌ನಲ್ಲಿ ಕೊಯ್ದು ಹೊಳಪುಗೊಳಿಸುತ್ತಾರೆ. ಬಿಸಿ ಕೊಟ್ಟಾಗ ಅದರ ಕಬ್ಬಿಣದಂಶ ಕೆಂಪೇರುತ್ತದೆ. ಉತ್ತರ ಕರ್ನಾಟಕಕ್ಕೂ ಚಾಚಿರುವ ದಖ್ಖನ್ ಬಸಾಲ್ಟ್ ಇಂಥ ಉಂಡೆಗಳ ನೆಲೆ. ಅಗೇಟ್ ಉಂಡೆಗೆ ಹತ್ತಿರದ ಬಗೆಯಾದ ‘ಥಂಡರ್‌ಎಗ್’ 1965ರಿಂದ ಅಮೆರಿಕದ ಆರೆಗನ್ ರಾಜ್ಯದ ಅಧಿಕೃತ ಶಿಲೆ. ಫ್ರೆಂಚ್ ಲೇಖಕ ರೋಜೆ ಕೈಯ್ವಾ ಅವರು ಕೂಡಿಟ್ಟ ಕಲ್ಲುಗಳು ಪ್ಯಾರಿಸ್‌ನ ರಾಷ್ಟ್ರೀಯ ನಿಸರ್ಗ ಚರಿತ್ರೆ ಸಂಗ್ರಹಾಲಯದಲ್ಲಿವೆ.