ಸುಂಕವಿಲ್ಲದ ಸೇತುವೆ

ಮೋಹನ್ ಚಟ್ಟಿ ಅನ್ನೋ ಹೆಸರನ್ನ ನೀವು ಕೇಳಿದ್ದರೆ ಅದು ಯಾವುದಾದರೂ ಬಂಜೀ ಜಂಪಿಂಗ್ ವಿಡಿಯೊದಲ್ಲೇ ಇರಬೇಕು. ಋಷಿಕೇಶದಿಂದ ಆಚೆ, ಗಂಗೆಗೆ ಸೇರುವ ಒಂದು ಪುಟ್ಟ ಹೊಳೆಯ ಮೇಲೆ 83 ಮೀಟರ್ ಎತ್ತರದಲ್ಲಿ ಒಂದು ಅಟ್ಟಣಿಗೆ ಕಟ್ಟಿದ್ದಾರೆ. ಕಾಲಿಗೆ ಹಗ್ಗ ಬಿಗಿಸಿಕೊಂಡು ಅಲ್ಲಿಂದ ಹಾರಬೇಕು. ನಮ್ಮ ಆಫೀಸಿನಲ್ಲೇ ಹಾರಿ ಬಂದವರು ಆರೇಳು ಜನ ಇದ್ದಾರೆ. ಎಲ್ಲರ ಹತ್ತಿರವೂ ವಿಡಿಯೊ ಇದೆ, ಟೀ ಶರ್ಟ್ ಇದೆ. ಆದರೆ 'ಚಟ್ಟಿ' ಅಂದ್ರೆ ಏನು ಅಂತ ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ತಪ್ಪು ಅವರದ್ದಲ್ಲ ಬಿಡಿ. ಅಲ್ಲಿ ಅದನ್ನು ಹೇಳುವ ಒಂದು ಬೋರ್ಡೂ ನನ್ನ ಕಣ್ಣಿಗೆ ಬೀಳಲಿಲ್ಲ.

ಚಟ್ಟಿ ಅಂದ್ರೆ ನಡೆದು ಹೋಗುವ ಯಾತ್ರಿಕರ ತಂಗುದಾಣ. ರಸ್ತೆ, ಬಸ್ಸು ಇಲ್ಲದ ಕಾಲದಲ್ಲಿ ಕೇದಾರ, ಬದರಿಗೆ ಹೋಗೋರು ಋಷಿಕೇಶದ ಹತ್ತಿರ ಲಕ್ಷ್ಮಣ ಝೂಲಾದಲ್ಲಿ ಗಂಗೆ ದಾಟಿ, ಪೂರ್ವದ ದಡ ಹಿಡಿದು ಬೆಟ್ಟ ಹತ್ತುತ್ತಿದ್ದರು. ಗರುಡ ಚಟ್ಟಿ, ಫೂಲ್ ಚಟ್ಟಿ, ಮೋಹನ್ ಚಟ್ಟಿ, ಹೀಗೆ ಕೆಲವು ಮೈಲಿಗೊಂದು ನಿಲ್ದಾಣ. ಹುಲ್ಲಿನದ್ದೋ ಹಲಗೆಯದ್ದೋ ಒಂದು ಚಾವಣಿ, ಒಂದು ಅಂಗಡಿ, ನೀರು. ಅಂಗಡಿಯವನ ಹತ್ತಿರ ಅಕ್ಕಿ, ಹಿಟ್ಟು, ಬೇಳೆ ಕೊಂಡರೆ ಸಾಕು, ಅಡುಗೆಗೆ ಪಾತ್ರೆ ಅವನೇ ಕೊಡ್ತಿದ್ದ, ಮಲಗೋಕೆ ಜಾಗಕ್ಕೂ ಬೇರೆ ಬಾಡಿಗೆ ಇಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಫ್ರೀಮಿಯಂ. ವಾರಗಟ್ಟಲೆ ನಡೆಯುವವನು ಪಾತ್ರೆಪಗಡೆ ಹೊತ್ತುಕೊಂಡು ಬೆಟ್ಟ ಹತ್ತಲಾರ ಅನ್ನೋ ಸರಳ ಲೆಕ್ಕದ ಮೇಲೆ ಇಡೀ ದಾರಿ ನಿಂತಿತ್ತು.

ಋಷಿಕೇಶ ಅಂದ ಕೂಡಲೇ ನಾವು 'ಸಾವಿರಾರು ವರ್ಷಗಳ ಯೋಗಭೂಮಿ' ಅಂತ ಶುರು ಮಾಡ್ತೀವಿ. ಜಾಗದ ಪಾವಿತ್ರ್ಯ ಹಳೆಯದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇವತ್ತು ನಾವು ಕಣ್ಣಾರೆ ನೋಡುವ ಊರು, ಅಂದರೆ ಸೇತುವೆ, ಆಶ್ರಮ, ಅನ್ನಛತ್ರ, ಕೆಫೆ ಎಲ್ಲ ಸೇರಿ, ಹೆಚ್ಚೂಕಡಿಮೆ ನೂರ ನಲವತ್ತು ವರ್ಷದ್ದು. ಅದನ್ನು ಕಟ್ಟಿದ್ದು ಮುಖ್ಯವಾಗಿ ಒಂದೇ ಪ್ರಶ್ನೆ: ಅಪಾಯದ ದಾರಿಗೆ ಹೊರಟ ಅಪರಿಚಿತರನ್ನು ಜೀವಂತ ಮುಂದೆ ಕಳಿಸೋದು ಹೇಗೆ?

ಮೊದಲು ಅಪಾಯ ಎಂಥದ್ದು ಅಂತ ನೋಡಿ. ಕಾಲರಾ ಈ ದಾರಿಯ ಖಾಯಂ ಭಯ. ಜಾತ್ರೆಯ ಜನ ಹರಿದ್ವಾರದಿಂದ ಮೇಲೆ ಹೋದ ಹಾಗೆ ರೋಗವೂ ಚಟ್ಟಿಯಿಂದ ಚಟ್ಟಿಗೆ ಹೋಗುತ್ತಿತ್ತು. ಅದರ ಮೇಲೆ ಚಿರತೆ. 1918ರಿಂದ 1926ರವರೆಗೆ ಇದೇ ಯಾತ್ರಾದಾರಿಯ ಮೇಲ್ಭಾಗದಲ್ಲಿ ರುದ್ರಪ್ರಯಾಗದ ನರಭಕ್ಷಕ ಚಿರತೆ 125 ಜನರನ್ನು ಕೊಂದ ದಾಖಲೆ ಇದೆ. ಅದನ್ನು ಕೊಂದ ಜಿಮ್ ಕಾರ್ಬೆಟ್ ತನ್ನ ಪುಸ್ತಕದಲ್ಲಿ ಚಿರತೆಯಷ್ಟೇ ಆಸ್ಥೆಯಿಂದ ಈ ದಾರಿಯನ್ನೂ, ಬರಿಗಾಲಲ್ಲಿ ನಡೆಯುವ ಯಾತ್ರಿಕರನ್ನೂ ವರ್ಣಿಸಿದ್ದಾನೆ. ನಡೆಯಲಾಗದ ಮುದುಕರನ್ನು 'ಕಂಡಿ' ಅನ್ನುವ ಬುಟ್ಟಿಯಲ್ಲಿ ಕೂರಿಸಿ ಗಢವಾಲದ ಹಳ್ಳಿಯವರು ಬೆನ್ನ ಮೇಲೆ ಹೊತ್ತು ಸಾಗಿಸುತ್ತಿದ್ದರು. ನಮ್ಮೂರಲ್ಲಿ ಕಾಶಿಗೆ ಹೋಗಿ ಬಂದವರ ಕಾಲಿಗೆ ಬಿದ್ದು ನಮಸ್ಕಾರ ಮಾಡಿ, ಆಮೇಲೆ ಸಮಾರಾಧನೆ ಊಟಕ್ಕೆ ಕೂರ್ತಿದ್ರು. ಚಿಕ್ಕವನಿದ್ದಾಗ ಅದು ಬರೀ ಭಕ್ತಿ ಅಂದುಕೊಂಡಿದ್ದೆ. ಬದುಕಿ ವಾಪಸ್ ಬಂದರು ಅನ್ನೋ ಸಮಾಧಾನವೂ ಅದರಲ್ಲಿ ಸೇರಿತ್ತು ಅಂತ ಈಗ ಅನ್ಸತ್ತೆ.

ಈ ಅಪಾಯಕ್ಕೆ ಉತ್ತರ ಹುಡುಕಲು ಹೊರಟವರಲ್ಲಿ ಒಬ್ಬರು ಸ್ವಾಮಿ ವಿಶುದ್ಧಾನಂದರು. ಸದಾ ಕರಿ ಕಂಬಳಿ ಹೊದ್ದಿರುತ್ತಿದ್ದರಿಂದ ಜನ ಅವರನ್ನು ಕಾಲೀ ಕಮ್ಲೀವಾಲಾ ಬಾಬಾ ಅಂತಲೇ ಕರೆದರು. 1880ರ ದಶಕದಲ್ಲಿ ಅವರು ವ್ಯಾಪಾರಿಗಳ ಮನೆಬಾಗಿಲಿಗೆ ಹೋಗಿ ದಾನ ಕೇಳಿ, ಯಾತ್ರೆಯ ದಾರಿಯುದ್ದಕ್ಕೂ ಧರ್ಮಶಾಲೆ, ನೀರು, ಊಟದ ಏರ್ಪಾಡು ಮಾಡಿಸಿದರು. ಋಷಿಕೇಶದಲ್ಲಿ ಅವರ ಹೆಸರಿನ ಅನ್ನಕ್ಷೇತ್ರ ಶುರುವಾಯಿತು.

ಗಂಗೆ ದಾಟಲು ಆಗ ಇದ್ದದ್ದು ಹಗ್ಗದ ಸೇತುವೆ. ಲಕ್ಷ್ಮಣ ಸೆಣಬಿನ ಹಗ್ಗದ ಮೇಲೆ ನದಿ ದಾಟಿದ ಅಂತ ಐತಿಹ್ಯ. ಹತ್ತೊಂಬತ್ತನೇ ಶತಮಾನದ ಯಾತ್ರಿಕರ ಪಾಡೂ ಅದಕ್ಕಿಂತ ಬಹಳ ಬೇರೆ ಇರಲಿಲ್ಲ. 1889ರಲ್ಲಿ ಕಲ್ಕತ್ತೆಯ ವ್ಯಾಪಾರಿ ರಾಯ್ ಬಹದ್ದೂರ್ ಸೂರಜ್‌ಮಲ್ ಝುಂಝುನ್‌ವಾಲಾ ಹಣ ಕೊಟ್ಟು 284 ಅಡಿ ಉದ್ದದ ಗಟ್ಟಿ ತೂಗುಸೇತುವೆ ಕಟ್ಟಿಸಿದರು. 1924ರ ಅಕ್ಟೋಬರ್ ಪ್ರವಾಹ ಅದನ್ನು ಕೊಚ್ಚಿಕೊಂಡು ಹೋಯಿತು. ಲೋಕೋಪಯೋಗಿ ಇಲಾಖೆ 1927ರಿಂದ 1929ರವರೆಗೆ ಹೊಸದನ್ನು ಕಟ್ಟಿತು. ಸಂಯುಕ್ತ ಪ್ರಾಂತ್ಯದ ಗವರ್ನರ್ ಮಾಲ್ಕಮ್ ಹೇಲಿ 1930ರ ಏಪ್ರಿಲ್‌ನಲ್ಲಿ ಉದ್ಘಾಟಿಸಿದರು. ನಾವು ಫೋಟೊದಲ್ಲಿ ನೋಡುವ ಲಕ್ಷ್ಮಣ ಝೂಲಾ ಇದೇ. ಅಲ್ಲಿರುವ ಫಲಕದಲ್ಲಿ ಈ ವಿವರಗಳ ಜೊತೆ ಇನ್ನೊಂದು ವಿಷಯ ಇದೆ: ಹಳೆ ಸೇತುವೆ ಕಟ್ಟಿಸಿದ ಸೂರಜ್‌ಮಲ್ ಅವರ ನೆನಪಿಗೆ ಅವರ ಕುಟುಂಬದವರು ಹಣ ಕೊಟ್ಟಿರುವ ಕಾರಣ, ಈ ಸೇತುವೆ ದಾಟುವವರಿಂದ ಸುಂಕ ವಸೂಲಿ ಮಾಡುವುದಿಲ್ಲ.

ನಂಗೆ ಈ ಸುಂಕದ ವಿಷಯ ತುಂಬಾ ಹಿಡಿಸ್ತು. ಆಗ ಸೇತುವೆಯ ಒಂದು ತುದಿ ಟಿಹರಿ ಸಂಸ್ಥಾನದ್ದು, ಇನ್ನೊಂದು ತುದಿ ಬ್ರಿಟಿಷ್ ಗಢವಾಲದ್ದು. ಎರಡು ಸರ್ಕಾರದ ಗಡಿ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೆ ಏನಾಗುತ್ತೆ ಅಂತ ನಮಗೆಲ್ಲ ಗೊತ್ತು. ಆ ಸುಂಕದವನೇ ಅಲ್ಲಿ ನಿಲ್ಲದ ಹಾಗೆ ಯಾರೋ ಮುಂಚೆಯೇ ಹಣ ಕಟ್ಟಿ ಹೋಗಿದ್ದರು.

ವ್ಯವಸ್ಥೆ ಅಂದರೆ ಅನ್ನ, ಸೇತುವೆ ಅಷ್ಟೇ ಅಲ್ಲ, ಎಚ್ಚರಿಕೆಯೂ ಹೌದು. 1893ರ ಸೆಪ್ಟೆಂಬರ್‌ನಲ್ಲಿ ಮೇಲಿನ ಗಢವಾಲದ ಗೋಹ್ನಾ ಎಂಬಲ್ಲಿ ಗುಡ್ಡ ಕುಸಿದು ಬಿರಹಿ ಹೊಳೆಗೆ ಅಡ್ಡ ಬಿತ್ತು. ಹಿಂದೆ ದೊಡ್ಡ ಕೆರೆಯೇ ತುಂಬತೊಡಗಿತು. ಎಂಜಿನಿಯರ್‌ಗಳು ನೀರು ಏರುವ ವೇಗ ಅಳೆದು, ಮುಂದಿನ ಮಳೆಗಾಲದಲ್ಲಿ ಇದು ಒಡೆಯುತ್ತೆ ಅಂತ ಲೆಕ್ಕ ಹಾಕಿದರು. ಕೆರೆಯ ದಡದಲ್ಲಿ ಒಬ್ಬ ಅಧಿಕಾರಿಯನ್ನು ಕಾವಲಿಗೆ ಕೂರಿಸಿ, ಕಣಿವೆಗೆ ಟೆಲಿಗ್ರಾಫ್ ತಂತಿ ಎಳೆದು, ಕೆಳಗಿನ ಊರುಗಳ ಜನರನ್ನು ಎತ್ತರಕ್ಕೆ ಕಳಿಸಿದರು. 1894ರ ಆಗಸ್ಟ್ ಕೊನೆಯಲ್ಲಿ ಅದು ಒಡೆಯಿತು. ಗಢವಾಲದ ಶ್ರೀನಗರ ಪಟ್ಟಣವೇ ಕೊಚ್ಚಿಹೋಯಿತು. ಸತ್ತವರು ಐದು ಜನ. ಮಾನಿಟರಿಂಗ್, ಅಲರ್ಟ್, ಆನ್‌ಕಾಲ್ ಅಂತ ದಿನಾ ಒದ್ದಾಡುವ ನಮ್ಮಂಥವರು ಈ ಕತೆಯನ್ನು ಎರಡು ಸಲ ಓದಬೇಕು. 2013ರ ಜೂನ್‌ನಲ್ಲಿ ಕೇದಾರನಾಥದ ಮೇಲಿಂದ ನೀರು ಬಂದಾಗ ಸಾವಿರಾರು ಜನ ಹೋದರು. ಋಷಿಕೇಶದ ದಡದಲ್ಲಿದ್ದ ದೊಡ್ಡ ಶಿವನ ಮೂರ್ತಿ ಗಂಗೆಯಲ್ಲಿ ಕೊಚ್ಚಿಹೋಗಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ವಿ. ಎರಡೂ ಪ್ರವಾಹಗಳು ಒಂದೇ ಥರದವಲ್ಲ, ನಿಜ. ಒಂದು ಹನ್ನೊಂದು ತಿಂಗಳು ಮುಂಚೆ ಸುಳಿವು ಕೊಟ್ಟಿತ್ತು, ಇನ್ನೊಂದು ಕೊಡಲಿಲ್ಲ. ಆದರೂ ನದಿಯ ಮಗ್ಗುಲಲ್ಲಿ ಹೋಟೆಲು ಕಟ್ಟುವ ಮುಂಚೆ ನದಿಯನ್ನು ಗಮನಿಸುತ್ತಾ ಕೂರುವವನು ಒಬ್ಬ ಬೇಕು ಅನ್ನೋ ಪಾಠ ಒಂದೇ.

ಇನ್ನು ಯೋಗಕ್ಕೆ ಬರೋಣ. ತಮಿಳುನಾಡಿನ ಪತ್ತಮಡೈಯ ಡಾಕ್ಟರೊಬ್ಬರು ಮಲಯಾದಲ್ಲಿ ವೃತ್ತಿ ಮಾಡಿ, ಎಲ್ಲ ಬಿಟ್ಟು, 1924ರಲ್ಲಿ ಋಷಿಕೇಶಕ್ಕೆ ಬಂದು ಸನ್ಯಾಸಿಯಾದರು. ಅವರೇ ಸ್ವಾಮಿ ಶಿವಾನಂದ. ಊಟಕ್ಕೆ ಕಾಲೀ ಕಮ್ಲೀವಾಲಾ ಕ್ಷೇತ್ರದ ರೊಟ್ಟಿ. ಅವರು ಮೊದಲು ತೆರೆದದ್ದು ಯೋಗಶಾಲೆಯನ್ನಲ್ಲ. 1927ರಲ್ಲಿ ಲಕ್ಷ್ಮಣ ಝೂಲಾದ ಹತ್ತಿರ ಯಾತ್ರಿಕರಿಗೆ, ಸಾಧುಗಳಿಗೆ ಒಂದು ಉಚಿತ ಔಷಧಾಲಯ. ಡಿವೈನ್ ಲೈಫ್ ಸೊಸೈಟಿ ಬಂದದ್ದು ಆಮೇಲೆ, 1936ರಲ್ಲಿ. ಆ ಸಂಸ್ಥೆಯನ್ನು ಮುಂದೆ ನಾಲ್ಕು ದಶಕ ನಡೆಸಿದವರಲ್ಲಿ ಇಬ್ಬರು ನಮ್ಮ ಕರಾವಳಿಯವರು: ಅಧ್ಯಕ್ಷರಾಗಿದ್ದ ಮಂಗಳೂರಿನ ಸ್ವಾಮಿ ಚಿದಾನಂದ, ಪ್ರಧಾನ ಕಾರ್ಯದರ್ಶಿಯಾಗಿದ್ದ ಪುತ್ತೂರಿನ ಸ್ವಾಮಿ ಕೃಷ್ಣಾನಂದ.

ತಪೋವನದ ಗಲ್ಲಿಗಳಲ್ಲಿ ಇವತ್ತು ಹೆಜ್ಜೆಗೊಂದು 'ಅಷ್ಟಾಂಗ ವಿನ್ಯಾಸ', 'ಅಯ್ಯಂಗಾರ್ ಯೋಗ' ಅನ್ನೋ ಬೋರ್ಡು. ಅವೆರಡೂ ಹಿಮಾಲಯದಿಂದ ಇಳಿದು ಬಂದದ್ದಲ್ಲ, ಮೈಸೂರಿನಿಂದ ಹತ್ತಿ ಹೋದದ್ದು! ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸುತ್ತಿದ್ದರು. ಹಾಸನ ಕಡೆಯ ಕೌಶಿಕದ ಪಟ್ಟಾಭಿ ಜೋಯಿಸರು, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ರು ಇಬ್ಬರೂ ಅವರ ಶಿಷ್ಯರು. ಇನ್ನು ಆ ಬೋರ್ಡುಗಳಲ್ಲೇ ಕಾಣುವ '200 ಗಂಟೆಯ ಟೀಚರ್ ಟ್ರೇನಿಂಗ್' ಅನ್ನೋ ಅಳತೆ ಅಮೆರಿಕದ ಯೋಗ ಅಲಯನ್ಸ್ ಎಂಬ ಸಂಸ್ಥೆಯದ್ದು. ಬೆಂಗಳೂರಿನಿಂದ ವಿಮಾನ ಹತ್ತಿ ಹೋಗಿ ಮೈಸೂರಿನ ಆಸನವನ್ನು ಅಮೆರಿಕದ ಲೆಕ್ಕದಲ್ಲಿ ಕಲಿತು ಬರುತ್ತೇವೆ. ಇದರಲ್ಲಿ ಅವಮಾನ ಏನಿಲ್ಲ. ಋಷಿಕೇಶ ಯಾವಾಗಲೂ ಬಂದುಹೋಗುವವರ ಊರು, ಹೊರಗಿನದ್ದನ್ನು ತನ್ನದು ಮಾಡಿಕೊಳ್ಳೋದು ಅದಕ್ಕೆ ರೂಢಿ.

1968ರ ಫೆಬ್ರವರಿಯಲ್ಲಿ ಬೀಟಲ್ಸ್ ತಂಡ ಮಹರ್ಷಿ ಮಹೇಶ ಯೋಗಿಯ ಆಶ್ರಮಕ್ಕೆ ಬಂದ ಮೇಲೆ ಊರಿನ ದಿಕ್ಕೇ ಬದಲಾಯಿತು. ರಿಂಗೊ ಸ್ಟಾರ್ ಸುಮಾರು ಹತ್ತು ದಿನಕ್ಕೇ ಹೊರಟರು. ಉಳಿದವರು ಅಲ್ಲಿ ಬರೆದ ಹಾಡುಗಳು 'ವೈಟ್ ಆಲ್ಬಮ್'ನಲ್ಲಿ ಸೇರಿದವು. ಆಶ್ರಮದ ಜಾಗ 1961ರಲ್ಲಿ ಅರಣ್ಯ ಇಲಾಖೆಯಿಂದ ಗುತ್ತಿಗೆಗೆ ಪಡೆದದ್ದು. 1981ಕ್ಕೆ ಗುತ್ತಿಗೆ ಮುಗಿಯಿತು, ಕ್ರಮೇಣ ಕಟ್ಟಡಗಳ ಮೇಲೆ ಕಾಡು ಬೆಳೆಯಿತು. ರಾಜಾಜಿ ಹುಲಿ ಸಂರಕ್ಷಿತ ಪ್ರದೇಶದೊಳಗಿರುವ ಆ ಪಾಳುಕಟ್ಟಡಗಳನ್ನು 2015ರಿಂದ ಟಿಕೆಟ್ ತಗೊಂಡು ನೋಡಬಹುದು.

ಈ ನಡುವೆ ನಡೆಯುವ ದಾರಿಯೇ ಸತ್ತುಹೋಗಿತ್ತು. ಮೋಟಾರು ರಸ್ತೆ ಬಂದದ್ದು ನದಿಯ ಪಶ್ಚಿಮದ ದಡದಲ್ಲಿ. ಪೂರ್ವ ದಡದ ಚಟ್ಟಿಗಳಿಗೆ ಗಿರಾಕಿಗಳೇ ಇಲ್ಲವಾದರು. 1962ರ ಚೀನಾ ಯುದ್ಧದ ನಂತರ ಗಡಿರಸ್ತೆಗಳು ಆದವು, ಬಸ್ಸು ಬದರಿಯ ಕಡೆಗೂ ಹೋಯಿತು. ವಾರಗಟ್ಟಲೆಯ ನಡಿಗೆ ಎರಡು ದಿನದ ಪ್ರಯಾಣವಾಯಿತು. ಜೀವಗಳು ಉಳಿದವು, ಬೆಟ್ಟದ ಹಳ್ಳಿಯವರಿಗೂ ಆಸ್ಪತ್ರೆ, ಕಾಲೇಜು ಹತ್ತಿರವಾದವು. ಅದನ್ನು ಮರೆತು 'ಹಳೆ ಕಾಲ ಚೆನ್ನಾಗಿತ್ತು' ಅಂತ ಹಲುಬೋದು ನನ್ನಿಂದಾಗಲ್ಲ. ಬಸ್ಸಿಲ್ಲದ ಊರಿನಲ್ಲಿ ಬೆಳೆದವನಿಗೆ ರಸ್ತೆಯ ಬೆಲೆ ಗೊತ್ತು. ಆದರೆ ಅದೇ ರಸ್ತೆಯಲ್ಲಿ ಹಳ್ಳಿಯವರು ಕೆಳಗಿಳಿದೂ ಹೋದರು. 2001 ಮತ್ತು 2011ರ ಜನಗಣತಿಗಳ ನಡುವೆ ಪೌಡಿ ಗಢವಾಲ ಜಿಲ್ಲೆಯ ಜನಸಂಖ್ಯೆ ಏರಲಿಲ್ಲ, ಇಳಿಯಿತು.

ರಾಫ್ಟಿಂಗ್ ಈ ದಡಕ್ಕೆ ಬಂದದ್ದು 1980ರ ದಶಕದಲ್ಲಿ. ಗಂಗೆಯ ರಭಸದ ತಿರುವುಗಳಿಗೆ 'ಗಾಲ್ಫ್ ಕೋರ್ಸ್', 'ರೋಲರ್ ಕೋಸ್ಟರ್', 'ದಿ ವಾಲ್' ಅಂತ ಹೆಸರು ಬಿತ್ತು. ನಾವು ನಾಲ್ಕು ಜನ ಶಿವಪುರಿಯಿಂದ ದೋಣಿ ಇಳಿದಾಗ ನಮ್ಮ ಗೈಡ್ ಪೌಡಿಯ ಕಡೆಯ ಹುಡುಗ. ದಡದಲ್ಲಿ ಟೀ ಕುಡಿಯುವಾಗ ಮಾತಿಗೆಳೆದೆ. ಅವನ ತಾತ ಯಾತ್ರಿಕರ ಸಾಮಾನು ಹೊರುತ್ತಿದ್ದರಂತೆ. 'ಊರಲ್ಲಿ ಈಗ ಯಾರಿದಾರೆ?' ಅಂದೆ. 'ಅಮ್ಮ ಇದಾರೆ ಭೈಯಾ, ಇನ್ನೊಂದು ನಾಲ್ಕು ಮನೆ. ಉಳಿದಿದ್ದಕ್ಕೆಲ್ಲ ಬೀಗ. ಜುಲೈ, ಆಗಸ್ಟಲ್ಲಿ ರಾಫ್ಟಿಂಗ್ ಬಂದ್ ಆಗುತ್ತಲ್ಲ, ಆಗ ಹೋಗ್ತೀನಿ' ಅಂದ. 2015ರ ಡಿಸೆಂಬರ್‌ನಲ್ಲಿ ಹಸಿರು ನ್ಯಾಯಮಂಡಳಿ ದಡದ ಮರಳಿನ ಮೇಲಿನ ಕ್ಯಾಂಪ್‌ಗಳನ್ನು ತಡೆದಾಗ ನದಿಗೆ ಒಳ್ಳೆಯದೇ ಆಯಿತು. ಆದರೆ ಇಂಥ ಹುಡುಗರ ಒಂದಷ್ಟು ಕೂಲಿಯೂ ಆ ಕ್ಯಾಂಪುಗಳಲ್ಲಿತ್ತು. ನದಿ ಉಳಿಯಬೇಕು, ಇವರೂ ಉಳಿಯಬೇಕು. ಎರಡನ್ನೂ ಒಟ್ಟಿಗೆ ಯೋಚನೆ ಮಾಡುವ ಕಂಬಳಿ ಬಾಬಾ ಒಬ್ಬರು ಈಗ ಬೇಕಾಗಿದ್ದಾರೆ.

ಲಕ್ಷ್ಮಣ ಝೂಲಾ ಭಾರ ತಡೆಯಲಾರದು ಅಂತ 2019ರ ಜುಲೈನಲ್ಲಿ ಘೋಷಿಸಿ, ಆಮೇಲೆ ಪೂರ್ತಿ ಮುಚ್ಚಿದರು. ಅದರ ಬದಲಿಗೆ ಪಕ್ಕದಲ್ಲೇ ಗಾಜಿನ ನಡಿಗೆದಾರಿ ಇರುವ ಬಜರಂಗ ಸೇತು. ಋಷಿಕೇಶದಿಂದ ಕರ್ಣಪ್ರಯಾಗಕ್ಕೆ 125 ಕಿಲೋಮೀಟರ್ ರೈಲುಮಾರ್ಗದ ಕೆಲಸ ನಡೆದಿದೆ, ಬಹುಪಾಲು ಸುರಂಗದೊಳಗೆ. ಮುಂದಿನ ಪೀಳಿಗೆಯ ಯಾತ್ರಿಕ ಗಂಗೆಯನ್ನು ನೋಡದೆಯೇ ಬೆಟ್ಟ ಹತ್ತಬಹುದು.

ನೀವು ಹೋಗಿ, ಖಂಡಿತ ಹೋಗಿ. ಆಸನ ಹಾಕಿ, ದೋಣಿ ಹತ್ತಿ, ಧೈರ್ಯ ಇದ್ದರೆ ಹಾರಿ. ಒಂದು ಬೆಳಗ್ಗೆ ಮಾತ್ರ ಏನೂ ಬುಕ್ ಮಾಡದೆ ಪೂರ್ವದ ದಡದಲ್ಲಿ ಗರುಡ ಚಟ್ಟಿ ದಾಟಿ ಫೂಲ್ ಚಟ್ಟಿಯವರೆಗೆ ನಡೆದು ಬನ್ನಿ. ದಾರಿಯಲ್ಲಿ ಚಹಾದಂಗಡಿ ಸಿಕ್ಕರೆ ಕೂತು ಕುಡಿಯಿರಿ, ಅಂಗಡಿಯವರ ಊರು ಯಾವುದು ಅಂತ ಕೇಳಿ. ನೂರಾರು ವರ್ಷ ಆ ದಾರಿಯನ್ನು ತೆರೆದಿಟ್ಟವರು ಅವರ ಕಡೆಯವರೇ.