ಮಗಳನ್ನು ‘ಅನು’ ಅಂತ ಕರೀತೀರಾ? ಜನನ ಪ್ರಮಾಣಪತ್ರದಲ್ಲಿ ಅದನ್ನೇ ಬರೆಸಲು ಅವಸರ ಬೇಡ

ಮಗು ಹುಟ್ಟಿದ 21 ದಿನದೊಳಗೆ ಹೆಸರು ಕೊಡಲೇಬೇಕು ಎಂದು ಹಲವರು ನಂಬಿದ್ದಾರೆ. ಆ ಗಡಿಬಿಡಿಯಲ್ಲಿ ಮನೆಯಲ್ಲಿ ಕರೆಯುವ ‘ಅನು’, ‘ಚಿನ್ನು’ ಎಂಬುದನ್ನೇ ಅರ್ಜಿಯಲ್ಲಿ ಬರೆಸಿಬಿಡುತ್ತಾರೆ. 21 ದಿನದ ಈ ಮಾತು ನಿಜವೇ?

ಸತ್ಯ ಏನು?
ಅಲ್ಲ. 21 ದಿನದ ಗಡುವು ಜನನ ನೋಂದಣಿಗೆ, ಹೆಸರಿಗಲ್ಲ. ಹೆಸರಿಲ್ಲದೆಯೂ ನೋಂದಣಿ ಮಾಡಿಸಬಹುದು. ನೋಂದಣಿಯಾದ 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು.

ಯೋಚಿಸಿ ಇಡುವುದೇಕೆ?
2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆ ಪ್ರವೇಶ, ಪಾಸ್‌ಪೋರ್ಟ್ ಮುಂತಾದವಕ್ಕೆ ಜನ್ಮದಿನಾಂಕದ ದಾಖಲೆ ಜನನ ಪ್ರಮಾಣಪತ್ರವೇ. ಅದರಲ್ಲಿ ಒಂದು ಹೆಸರು, ಉಳಿದ ದಾಖಲೆಗಳಲ್ಲಿ ಇನ್ನೊಂದು ಇದ್ದರೆ ಮಗಳು ದೊಡ್ಡವಳಾದ ಮೇಲೂ ಕಚೇರಿ ಅಲೆಯಬೇಕಾದೀತು.

ಹೇಗೆ ಆರಿಸುವುದು?
• ಕರೆಯುವ ಹೆಸರು ಅಡಗಿರುವ ಪೂರ್ಣ ಹೆಸರು ಹುಡುಕಿ. ‘ಅನು’ ಆದರೆ ಅನುಪಮಾ, ಅನುರಾಧಾ. ‘ನಂದು’ ಆದರೆ ನಂದಿನಿ, ಸುನಂದಾ.
• ಅಜ್ಜಿಯ ಅಥವಾ ಮನೆದೇವರ ಹೆಸರನ್ನು ಮಧ್ಯದಲ್ಲಿಡಬಹುದು: ಅನುಪಮಾ ಸಾವಿತ್ರಿ.
• ಪಾಸ್‌ಪೋರ್ಟ್ ಅರ್ಜಿಯಲ್ಲಿ ಮಧ್ಯದ ಹೆಸರನ್ನು ಮೊದಲ ಹೆಸರಿನ ಜೊತೆಗೇ ಬರೆಯಬೇಕು, ಇನಿಷಿಯಲ್ ನಡೆಯುವುದಿಲ್ಲ. ಹಾಗಾಗಿ ‘ಎಸ್.’ ಎನ್ನದೆ ‘ಸಾವಿತ್ರಿ’ ಎಂದೇ ಬರೆಸಿ.
• ಇಂಗ್ಲಿಷ್ ಸ್ಪೆಲ್ಲಿಂಗ್ ಒಂದನ್ನೇ ನಿರ್ಧರಿಸಿ, ಎಲ್ಲ ದಾಖಲೆಗೂ ಅದನ್ನೇ ಕೊಡಿ.

ಒಟ್ಟಿನಲ್ಲಿ
ನೋಂದಣಿ 21 ದಿನದೊಳಗೆ ಆಗಲಿ, ಹೆಸರು ನಿಧಾನವಾಗಿ ಬರಲಿ. ಮನೆಯಲ್ಲಿ ಅವಳು ‘ಅನು’ ಆಗಿಯೇ ಇರುತ್ತಾಳೆ.