ಶೇಕಡಾ 2000ದ ಲೆಕ್ಕ: ಅರಿಷಿಣ, ಕರಿಮೆಣಸು ಮತ್ತು ಯಕೃತ್ತು

ಅರಿಷಿಣದ ಔಷಧಗುಣ ಕುರಿತು ಬರೆಯುವವರಲ್ಲಿ ಬಹುಪಾಲು ಮಂದಿ ಒಂದಲ್ಲ ಒಂದು ಕಡೆ ಬೆಂಗಳೂರಿನ ಒಂದು ಅಂಕಿಯನ್ನು ಆಶ್ರಯಿಸುತ್ತಾರೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ ಶೋಭಾ ಮತ್ತು ಸಂಗಡಿಗರು 1998ರಲ್ಲಿ ‘ಪ್ಲಾಂಟಾ ಮೆಡಿಕಾ’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಅರಿಷಿಣದ ಸತ್ವವಾದ ಕರ್ಕ್ಯುಮಿನ್ 2 ಗ್ರಾಂ ಜೊತೆಗೆ ಕರಿಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟರೆ ಮನುಷ್ಯರಲ್ಲಿ ಕರ್ಕ್ಯುಮಿನ್‌ನ ಜೈವಿಕ ಲಭ್ಯತೆ ಶೇ. 2000ದಷ್ಟು ಹೆಚ್ಚುತ್ತದೆ. ಇಂದು ಮಾರಾಟವಾಗುವ ಕರ್ಕ್ಯುಮಿನ್ ಗುಳಿಗೆಗಳಲ್ಲಿ ಮೆಣಸಿನ ಸತ್ವ ಸೇರಿಕೊಂಡಿದ್ದರೆ ಅದರ ಮೂಲ ಈ ಸಾಲಿನಲ್ಲಿದೆ. ಮಾಪನ ತಪ್ಪೆಂದು ವಾದಿಸುವುದು ಈ ಲೇಖನದ ಉದ್ದೇಶವಲ್ಲ. ಅದನ್ನು ಓದಿದ ಬಗೆಯಲ್ಲಿ ಒಂದು ದೊಡ್ಡ ನುಸುಳು ಇದೆ. ಆ ನುಸುಳು ಕಾಣಬೇಕಾದರೆ ಅದಕ್ಕಿಂತ 18 ವರ್ಷ ಹಿಂದೆ ಮೈಸೂರಿನಿಂದ ಬಂದ, ಈಗ ಯಾರೂ ಹೆಚ್ಚು ತೆರೆದು ನೋಡದ ಇನ್ನೊಂದು ಲೇಖನವನ್ನು ಅದರ ಪಕ್ಕದಲ್ಲಿಟ್ಟು ನೋಡಬೇಕು.

ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿ ಭಾಗದ ಕೃಷ್ಣೆ-ಘಟಪ್ರಭೆಗಳ ನೀರಾವರಿ ಹೊಲಗಳಲ್ಲಿ ಕಬ್ಬಿನ ಜೊತೆಗೆ ಅರಿಷಿಣವೂ ಬೆಳೆಯುವುದರಿಂದ ಈ ಪ್ರಶ್ನೆ ಇಲ್ಲಿಗೆ ದೂರದ್ದಲ್ಲ. ಮುಂಗಾರಿನ ಹೊತ್ತಿಗೆ ನೆಟ್ಟ ಗಡ್ಡೆಯನ್ನು ಎಂಟು-ಒಂಬತ್ತು ತಿಂಗಳಿಗೆ ಅಗೆದು, ದೊಡ್ಡ ಕಡಾಯಿಯಲ್ಲಿ ಕುದಿಸಿ, ಬಿಸಿಲಿಗೆ ಒಣಗಿಸಿ, ಡ್ರಮ್ಮಿನಲ್ಲಿ ತಿರುಗಿಸಿ ಪಾಲಿಶ್ ಮಾಡಿ ಸಾಂಗಲಿ ಪೇಟೆಗೆ ಒಯ್ಯುತ್ತಾರೆ. ಕುದಿಸುವುದರಲ್ಲಿ ಒಂದು ಹದವಿದೆ: ನೊರೆ ಉಕ್ಕಿ, ಬಿಳಿ ಹಬೆಯ ಜೊತೆಗೆ ಅರಿಷಿಣದ ಗಮಲು ಎದ್ದಾಗ, ಮೊಂಡು ಕಡ್ಡಿ ಚುಚ್ಚಿದರೆ ಗಡ್ಡೆಯೊಳಗೆ ಸಲೀಸಾಗಿ ಇಳಿಯಬೇಕು. ಇಷ್ಟೆಲ್ಲ ಆದ ಮೇಲೆ ಆ ಗಡ್ಡೆಯಲ್ಲಿ ಉಳಿಯುವ ಕರ್ಕ್ಯುಮಿನ್ ಸಾಮಾನ್ಯವಾಗಿ ಶೇ. 3ರ ಆಸುಪಾಸು. ಈ ಶೇ. 3ನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ವಾದ ಅರ್ಧ ಮುಗಿದಂತೆ.

ಒಪ್ಪಿತವಾಗಿರುವ ಸಂಗತಿಗಳನ್ನು ಬೇಗ ಹೇಳಿಬಿಡಬಹುದು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಕರ್ಕ್ಯುಮಿನ್ ಕೊಲ್ಲುತ್ತದೆ. ತ್ರಿಶೂರಿನ ಅಮಲಾ ಕ್ಯಾನ್ಸರ್ ಸಂಶೋಧನಾ ಕೇಂದ್ರದ ಕುಟ್ಟನ್ ಮತ್ತು ಸಂಗಡಿಗರು ಇದನ್ನು 1985ರಲ್ಲೇ ತೋರಿಸಿದರು. ಅದೇ ಗುಂಪು 1987ರಲ್ಲಿ 62 ರೋಗಿಗಳ ಹುಣ್ಣುಗಳಿಗೆ ಅರಿಷಿಣವನ್ನು ಹೊರಲೇಪವಾಗಿ ಬಳಸಿದಾಗ ದುರ್ವಾಸನೆ, ತುರಿಕೆ ಬಹುಪಾಲು ತಗ್ಗಿದವು. ಲೇಪಕ್ಕೆ ರಕ್ತದ ದಾರಿ ಬೇಕಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನುಂಗಿಸಿದ ಪ್ರಯೋಗಗಳ ಕತೆ ಬೇರೆ. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ರೋಗಿಗಳಿಗೆ ದಿನಕ್ಕೆ 8 ಗ್ರಾಂ ಕೊಟ್ಟ 2008ರ ಅಮೆರಿಕದ ಪ್ರಯೋಗದಲ್ಲಿ ಫಲ ಲೆಕ್ಕಿಸಲು ಸಾಧ್ಯವಾದ 21 ಮಂದಿಯಲ್ಲಿ ಇಬ್ಬರಲ್ಲಷ್ಟೇ ಏನಾದರೂ ಕಂಡಿತು. ವಂಶಪಾರಂಪರ್ಯವಾಗಿ ಕರುಳಿನಲ್ಲಿ ಗಂಟುಗಳು ಬೆಳೆಯುವ ಕಾಯಿಲೆಯಲ್ಲಿ 2006ರಲ್ಲಿ ಐವರ ಮೇಲೆ ನಡೆದ ಸಣ್ಣ ಅಧ್ಯಯನ ಭರವಸೆ ಕೊಟ್ಟಿತ್ತು. 2018ರಲ್ಲಿ 44 ಮಂದಿಯ ಮೇಲೆ ವರ್ಷವಿಡೀ ನಡೆದ ಪರೀಕ್ಷೆಯಲ್ಲಿ ಆ ಭರವಸೆ ಉಳಿಯಲಿಲ್ಲ. ಕೊಬ್ಬು ತುಂಬಿದ ಯಕೃತ್ತಿನವರಲ್ಲಿ ರಕ್ತದ ಕಿಣ್ವಗಳು ಅಷ್ಟಿಷ್ಟು ಇಳಿದದ್ದು ಹಲವು ಸಣ್ಣ ಪರೀಕ್ಷೆಗಳಲ್ಲಿ ಕಂಡಿದೆ. 2017ರಲ್ಲಿ ನೆಲ್ಸನ್ ಮತ್ತು ಸಂಗಡಿಗರು ಈ ಸಾಹಿತ್ಯವನ್ನೆಲ್ಲ ಜಾಲಾಡಿ, ಕರ್ಕ್ಯುಮಿನ್ ಅಸ್ಥಿರವಾದದ್ದು, ಪರೀಕ್ಷಾ ವಿಧಾನಗಳನ್ನೇ ದಾರಿ ತಪ್ಪಿಸುವಂಥದ್ದು ಎಂದು ತೀರ್ಪು ಕೊಟ್ಟರು. ಮೆಣಸಿನ ಪಕ್ಷದವರು ಇದಕ್ಕೆ ಕೊಡುವ ಉತ್ತರ ಒಂದೇ: ವಸ್ತು ಒಳ್ಳೆಯದೇ, ಅದು ರಕ್ತಕ್ಕೆ ಸೇರುತ್ತಿಲ್ಲ ಅಷ್ಟೇ, ಮೆಣಸು ಸೇರಿಸಿ.

ಹಾಗಾದರೆ ಶೇ. 2000 ಎಂದರೆ ಯಾವುದರ ಶೇ. 2000? ಬೆಂಗಳೂರಿನ ಅಧ್ಯಯನದಲ್ಲಿ ಬರೀ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಪತ್ತೆಯೇ ಆಗಲಿಲ್ಲ, ಇಲ್ಲವೇ ಪ್ರತಿ ಮಿಲಿಲೀಟರಿಗೆ 0.006 ಮೈಕ್ರೊಗ್ರಾಮಿನಂಥ ಅತ್ಯಲ್ಪ ಮಟ್ಟದಲ್ಲಿತ್ತು. ಪೈಪರಿನ್ ಸೇರಿದಾಗ ಅದರ ಗರಿಷ್ಠ ಮಟ್ಟ 0.18ರ ಹತ್ತಿರ ಬಂತು, ಅದೂ ಮೊದಲ ಒಂದು ತಾಸಿನೊಳಗೆ. ಛೇದದಲ್ಲಿ ಸೊನ್ನೆಯ ನೆರೆಯ ಸಂಖ್ಯೆ ಇದ್ದಾಗ ಭಾಗಲಬ್ಧ ಬೆರಗು ಹುಟ್ಟಿಸದೆ ಇರುವುದಿಲ್ಲ. ಇದನ್ನು ಅಣುಗಳ ಲೆಕ್ಕಕ್ಕೆ ತರೋಣ. ಕರ್ಕ್ಯುಮಿನ್‌ನ ಅಣುಭಾರ 368; ಆದ್ದರಿಂದ 0.18 ಮೈಕ್ರೊಗ್ರಾಂ ಎಂದರೆ ಲೀಟರಿಗೆ ಹೆಚ್ಚೆಂದರೆ ಅರ್ಧ ಮೈಕ್ರೊಮೋಲ್. ಗಾಜಿನ ತಟ್ಟೆಯ ಪ್ರಯೋಗಗಳಲ್ಲಿ ಕೋಶಗಳನ್ನು ಅದ್ದಿಡುವುದು ಸಾಮಾನ್ಯವಾಗಿ 5ರಿಂದ 50 ಮೈಕ್ರೊಮೋಲ್ ದ್ರಾವಣದಲ್ಲಿ, ತಾಸುಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ. ಅಂದರೆ ಮೆಣಸು ತನ್ನ ಕೆಲಸವನ್ನೆಲ್ಲ ಮಾಡಿ ಮುಗಿಸಿದ ಮೇಲೂ ರಕ್ತದ ಮಟ್ಟ ತಟ್ಟೆಯ ಕನಿಷ್ಠ ಮಟ್ಟದ ಹತ್ತನೆಯ ಒಂದಂಶದಲ್ಲಿ ನಿಲ್ಲುತ್ತದೆ. ಇಪ್ಪತ್ತು ಪಟ್ಟಿನ ಮಾತನ್ನು ಉಲ್ಲೇಖಿಸುವವರು ಈ ಎರಡನೆಯ ಭಾಗಾಕಾರ ಮಾಡುವುದು ಅಪರೂಪ.

ಮೈಸೂರಿನ ಲೇಖನ ಉಪಯೋಗಕ್ಕೆ ಬರುವುದು ಇಲ್ಲಿ. ಸಿಎಫ್‌ಟಿಆರ್‌ಐಯ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ರವೀಂದ್ರನಾಥ್ ಮತ್ತು ಚಂದ್ರಶೇಖರ 1980ರಲ್ಲಿ ಇಲಿಗಳಿಗೆ 400 ಮಿಲಿಗ್ರಾಂ ಕರ್ಕ್ಯುಮಿನ್ ತಿನ್ನಿಸಿ ಅದರ ಜಾಡು ಹಿಡಿದರು. ಸುಮಾರು ಶೇ. 60 ಹೀರಿಕೆಯಾಗಿತ್ತು. ಕರುಳಿನಿಂದ ಯಕೃತ್ತಿಗೆ ಹೋಗುವ ಪೋರ್ಟಲ್ ರಕ್ತದಲ್ಲಿ ಅದರ ಲವಲೇಶ 15 ನಿಮಿಷದಿಂದ 24 ತಾಸಿನವರೆಗೂ ಸಿಕ್ಕಿತು. ಹೃದಯದಿಂದ ತೆಗೆದ ರಕ್ತದಲ್ಲಿ ಸಿಗಲೇ ಇಲ್ಲ. ಮೂತ್ರದಲ್ಲಿ ಹೆಚ್ಚಿದ್ದು ಗ್ಲುಕುರೊನೈಡ್, ಸಲ್ಫೇಟುಗಳ ರೂಪದಲ್ಲಿ ಕಟ್ಟಿಹಾಕಿದ ವಸ್ತುಗಳು. ಕರ್ಕ್ಯುಮಿನ್ ದೇಹಕ್ಕೆ ಸೇರುವುದಿಲ್ಲ ಎಂಬ ಜನಪ್ರಿಯ ಮಾತಿಗೆ ಇದು ನೇರ ತಿದ್ದುಪಡಿ. ಸೇರುತ್ತದೆ, ಆದರೆ ಕರುಳಿನ ಗೋಡೆ, ಯಕೃತ್ತು ಎರಡೂ ಅದನ್ನು ಹಿಡಿದು, ಕಟ್ಟಿ, ಸಾಗಹಾಕುತ್ತವೆ. ಪೈಪರಿನ್ ಅಡ್ಡಗಾಲು ಹಾಕುವುದು ಈ ಕಟ್ಟುವ ಕೆಲಸಕ್ಕೇ. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದ ಅಟಲ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಪೈಪರಿನ್ ಔಷಧಗಳ ವಿಘಟನೆಯನ್ನು ಬಲವಾಗಿ ತಡೆಯುತ್ತದೆ ಎಂದು ತೋರಿಸಿದ್ದರು. ಹಾಗಿದ್ದ ಮೇಲೆ ಬೆಂಗಳೂರಿನ ಶೇ. 2000, ಬಾಗಿಲು ತೆರೆದದ್ದರ ಅಳತೆ ಎಂಬುದಕ್ಕಿಂತ ಕಾವಲುಗಾರನ ಕೈಕಟ್ಟಿದ್ದರ ಅಳತೆ ಎನ್ನುವುದೇ ಹೆಚ್ಚು ಸರಿ. ಇದರಿಂದ ನನ್ನ ಮುಖ್ಯ ಪ್ರತಿಪಾದನೆ ಹೊರಡುತ್ತದೆ: ಮೆಣಸಿನ ಸತ್ವ ಸೇರಿದ ಗುಳಿಗೆಯ ಪರಿಣಾಮ ದೂರದ ಕ್ಯಾನ್ಸರ್ ಗಡ್ಡೆಯನ್ನು ಮುಟ್ಟುವುದಕ್ಕೆ ಮೊದಲು, ಮುಟ್ಟುವುದೇ ಆದರೆ, ಯಕೃತ್ತಿನ ಮೇಲೆ ಬೀಳುವ ಸಾಧ್ಯತೆ ಹೆಚ್ಚು. ಇದನ್ನು ಸಾಧ್ಯತೆ ಎಂದೇ ಹೇಳುತ್ತಿದ್ದೇನೆ. ಇಲಿಯ ದಾರಿ ಮನುಷ್ಯನ ದಾರಿಯಲ್ಲ; ಬೆಂಗಳೂರಿನ ಲೇಖನದಲ್ಲೇ ಇಲಿಗಳಲ್ಲಿ ಏರಿಕೆ ಶೇ. 154 ಮಾತ್ರ.

ಈ ಮಾತಿಗೆ ಈಚಿನ ಆಧಾರ ಅಮೆರಿಕದ ಔಷಧಜನ್ಯ ಯಕೃತ್ ಹಾನಿ ಜಾಲದಿಂದ ಬಂದಿದೆ. 2011ರಿಂದ 2022ರ ನಡುವೆ ಅದು ಗುರುತಿಸಿದ ಅರಿಷಿಣ ಸಂಬಂಧಿ ಹಾನಿಯ ಹತ್ತು ಪ್ರಕರಣಗಳಲ್ಲಿ ಐವರು ಆಸ್ಪತ್ರೆ ಸೇರಿದ್ದರು, ಒಬ್ಬರು ಯಕೃತ್ ವಿಫಲವಾಗಿ ತೀರಿಕೊಂಡರು. ಪರೀಕ್ಷಿಸಿದ ಏಳು ಮಾದರಿಗಳಲ್ಲೂ ಅರಿಷಿಣವಿತ್ತು, ಮೂರರಲ್ಲಿ ಪೈಪರಿನ್ ಇತ್ತು. ಇದನ್ನು ನನ್ನ ವಾದಕ್ಕೆ ಮುದ್ರೆ ಎಂದು ಒತ್ತಿಬಿಡುವ ಆಸೆ ಸಹಜ, ಆದರೆ ಹತ್ತು ಹತ್ತೇ. ಪೈಪರಿನ್ ಇಲ್ಲದ ಮಾದರಿಗಳೂ ಹಾನಿ ಮಾಡಿವೆ. ಅದಕ್ಕಿಂತ ತೂಕದ ಸಂಗತಿಯೆಂದರೆ ಹತ್ತರಲ್ಲಿ ಏಳು ಮಂದಿ ಎಚ್‌ಎಲ್‌ಎ-ಬಿ*35:01 ಎಂಬ ಒಂದೇ ಜೀನ್ ರೂಪವನ್ನು ಹೊತ್ತವರು. ಇದು ಬರೀ ಪ್ರಮಾಣದ ವಿಷಕ್ಕಿಂತ ದೇಹದ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬಿದ್ದುದರ ಗುರುತು. ಹಾಗಾದರೆ ಪ್ರಮಾಣದ ವಾದ ಬಿತ್ತೇ? ಬೀಳಬೇಕಿಲ್ಲ. ರೋಗನಿರೋಧಕ ವ್ಯವಸ್ಥೆ ಕೆರಳಲು ವಸ್ತು ಯಕೃತ್ತಿನಲ್ಲಿ ಒಂದು ಮಟ್ಟಕ್ಕಾದರೂ ಇರಬೇಕು. ಜೀನ್ ಮದ್ದಿನ ರಾಶಿಯಾದರೆ ಮೆಣಸು ಕಿಡಿಯನ್ನು ಹತ್ತಿರ ತಂದಂತೆ. ಇಷ್ಟನ್ನು ಮಾತ್ರ ಈ ಪ್ರಕರಣಗಳಿಂದ ಹೇಳಬಹುದು.

ಎದ್ದೇಳುವ ಮೊದಲ ಆಕ್ಷೇಪಣೆ ಅಡುಗೆಮನೆಯದು. ಮಸಾಲಿ ಖಾರದಲ್ಲಿ ಅರಿಷಿಣವೂ ಮೆಣಸೂ ತಲೆಮಾರುಗಳಿಂದ ಒಟ್ಟಿಗೇ ಇವೆ, ಯಾರ ಯಕೃತ್ತು ಕೆಟ್ಟಿತು ಎಂದು ಕೇಳಬಹುದು. ಮೆಣಸಿನ ಮಟ್ಟಿಗೆ ಆಕ್ಷೇಪಣೆ ಗಟ್ಟಿಯಾಗಿದೆ: ಮೆಣಸಿನಲ್ಲಿ ಪೈಪರಿನ್ ಶೇ. 5 ಎಂದರೂ 20 ಮಿಲಿಗ್ರಾಂ ಸತ್ವಕ್ಕೆ ಎಂಟು-ಹತ್ತು ಕಾಳು ಸಾಕು, ಒಂದು ಬಟ್ಟಲು ಸಾರಿನಲ್ಲಿ ಅಷ್ಟು ಇದ್ದರೂ ಇರಬಹುದು. ಅರಿಷಿಣದ ಮಟ್ಟಿಗೆ ಅದು ನಿಲ್ಲುವುದಿಲ್ಲ. ಭಾರತೀಯರ ದಿನದ ಬಳಕೆಯೆಂದು ಸಾಮಾನ್ಯವಾಗಿ ಹೇಳುವ ಎರಡು-ಎರಡೂವರೆ ಗ್ರಾಂ ಪುಡಿಯಲ್ಲಿ ಕರ್ಕ್ಯುಮಿನ್ 60ರಿಂದ 100 ಮಿಲಿಗ್ರಾಂ ದಾಟುವುದಿಲ್ಲ. ಬೆಂಗಳೂರಿನ ಅಧ್ಯಯನದ 2 ಗ್ರಾಂ ತಲುಪಲು ಸುಮಾರು 67 ಗ್ರಾಂ ಪುಡಿ ತಿನ್ನಬೇಕು. ಅಷ್ಟು ಹಾಕಿದ ಪಲ್ಯವನ್ನು ಯಾರೂ ಬಾಯಿಗಿಡಲಾರರು. ಇದರ ಮೇಲೆ ಒಲೆಯ ಪಾಲೂ ಇದೆ. ಸಿಎಫ್‌ಟಿಆರ್‌ಐಯದೇ 2007ರ ಅಧ್ಯಯನದಲ್ಲಿ ಬೇಯಿಸಿದ ಅರಿಷಿಣದಲ್ಲಿ ಕರ್ಕ್ಯುಮಿನ್ ಶೇ. 27ರಿಂದ 53ರವರೆಗೆ ನಷ್ಟವಾಯಿತು, ಕುಕ್ಕರಿನಲ್ಲಿ ಅತಿ ಹೆಚ್ಚು; ಹುಣಸೆಹುಳಿ ಇದ್ದಾಗ ನಷ್ಟ ಕಡಿಮೆ. ಆದ್ದರಿಂದ ಅಡುಗೆಮನೆಯ ಸುರಕ್ಷತೆಯ ದಾಖಲೆಯನ್ನು ಗುಳಿಗೆಗೆ ಜಾಮೀನಾಗಿ ಕೊಡಲು ಬರುವುದಿಲ್ಲ. ಹೆಸರು ಒಂದೇ, ಪ್ರಮಾಣ ಬೇರೆ.

ಎರಡನೆಯ ಆಕ್ಷೇಪಣೆ ಹೆಚ್ಚು ತೊಡಕಿನದು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಗಾರ್ಸಿಯ ಮತ್ತು ಸಂಗಡಿಗರು ಕರುಳಿನ ಕ್ಯಾನ್ಸರ್ ಯಕೃತ್ತಿಗೆ ಹರಡಿದ 12 ರೋಗಿಗಳಿಗೆ ಶಸ್ತ್ರಕ್ರಿಯೆಗೆ ಮೊದಲು ಒಂದು ವಾರ ದಿನಕ್ಕೆ 450ರಿಂದ 3600 ಮಿಲಿಗ್ರಾಂ ಕರ್ಕ್ಯುಮಿನ್ ಕೊಟ್ಟು, ಯಕೃತ್ತಿನ ತುಣುಕಿನಲ್ಲಿ ಅದನ್ನು ಹುಡುಕಿದರು. ತುಣುಕಿನಲ್ಲಿ ಸಿಗಲಿಲ್ಲ, ಪೋರ್ಟಲ್ ರಕ್ತದಲ್ಲೂ ನ್ಯಾನೊಮೋಲ್ ಮಟ್ಟವಷ್ಟೇ. 2004ರ ಈ ಫಲಿತಾಂಶ ಮೇಲ್ನೋಟಕ್ಕೆ ನನ್ನ ಪ್ರತಿಪಾದನೆಯ ಕಾಲಿಗೆ ಕೊಡಲಿ. ಆದರೆ ಆ ರೋಗಿಗಳಿಗೆ ಪೈಪರಿನ್ ಕೊಟ್ಟಿರಲಿಲ್ಲ. ಕಾವಲುಗಾರನ ಕೈ ಬಿಡುವಾಗಿದ್ದಾಗ ಏನಾಗುತ್ತದೆ ಎಂಬುದನ್ನೇ ಅದು ತೋರಿಸುತ್ತದೆ, ಕ್ಯಾನ್ಸರ್ ತಲುಪಿದ ಯಕೃತ್ತಿನಲ್ಲೂ ವಸ್ತು ನಿಲ್ಲುವುದಿಲ್ಲ ಎನ್ನುವ ಮಟ್ಟಿಗೆ. ಗುಳಿಗೆಯ ಪಕ್ಷದವರಿಗೆ ಇದು ನನಗಿಂತ ಹೆಚ್ಚು ಕಷ್ಟದ ಸಾಕ್ಷಿ.

ಇನ್ನು ಪಥ್ಯದ ಮಾತು. ಚರಕ ಸಂಹಿತೆಯ ಪಾಂಡುರೋಗದ ಅಧ್ಯಾಯದಲ್ಲಿ ಕಾಮಾಲೆಗೆ ಅರಿಷಿಣ, ತ್ರಿಫಲ, ಬೇವು ಮೊದಲಾದವನ್ನು ಎಮ್ಮೆಯ ಹಾಲು-ತುಪ್ಪದಲ್ಲಿ ಪಕ್ವಗೊಳಿಸಿದ ಘೃತ ಹೇಳಿದೆ. ನಮ್ಮ ಮನೆಗಳಲ್ಲಿ ಮಾತ್ರ ಕಾಮಣಿ ಆದವರ ಊಟದಿಂದ ಅರಿಷಿಣ ತೆಗೆದುಬಿಡುವ ರೂಢಿ ವ್ಯಾಪಕವಾಗಿದೆ. ಹಳದಿಗೆ ಹಳದಿ ಕೂಡಿ ಬೇನೆ ಹೆಚ್ಚುತ್ತದೆ ಎಂಬುದು ಅದರ ಹಿಂದಿನ ತರ್ಕ. ಬಣ್ಣದ ತರ್ಕ ನಿಲ್ಲುವಂಥದ್ದಲ್ಲ, ಪಲ್ಯದ ಚಿಟಿಕೆ ಅರಿಷಿಣ ಬಿಡಿಸಲು ಕಾರಣವೂ ಕಾಣದು. ಆದರೂ ಯಕೃತ್ ಹಾನಿಯ ಪ್ರಕರಣಗಳು ಒಟ್ಟೊಟ್ಟಿಗೆ ವರದಿಯಾದ ಮೇಲೆ 2019ರಲ್ಲಿ ಇಟಲಿಯ ಆರೋಗ್ಯ ಸಚಿವಾಲಯ ಅರಿಷಿಣದ ಗುಳಿಗೆಗಳ ಚೀಟಿಯ ಮೇಲೆ ಬರೆಸಿದ ಎಚ್ಚರಿಕೆ ಇದೇ ಅರ್ಥದ್ದು: ಯಕೃತ್ತು, ಪಿತ್ತನಾಳದ ತೊಂದರೆ ಅಥವಾ ಪಿತ್ತಕೋಶದ ಕಲ್ಲು ಇರುವವರು ಸೇವಿಸಬಾರದು. ಘೃತದ ಕೊಬ್ಬು ಕರ್ಕ್ಯುಮಿನ್ ಹೀರಿಕೆಗೆ ಎಷ್ಟು ಒದಗುತ್ತದೆ, ಅದರ ದಾರಿ ಪೈಪರಿನ್‌ನ ದಾರಿಗಿಂತ ಎಷ್ಟು ಬೇರೆ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕು. ಇಲ್ಲಿನ ವಾದದ ಅಳಿವು-ಉಳಿವು ಮಾತ್ರ ಒಂದೇ ಮಾಪನದ ಮೇಲೆ ನಿಂತಿದೆ: ಲೆಸ್ಟರ್‌ನ ಪರೀಕ್ಷೆಯನ್ನು ಪೈಪರಿನ್ ಸೇರಿಸಿ, ಪೋರ್ಟಲ್ ರಕ್ತ, ತೋಳಿನ ರಕ್ತ ಎರಡನ್ನೂ ಒಂದೇ ಗಳಿಗೆಯಲ್ಲಿ ತೆಗೆದು ಮಾಡಬೇಕು. ಎರಡೂ ಕಡೆ ಏರಿಕೆ ಒಂದೇ ಪಟ್ಟಾಗಿದ್ದು, ಯಕೃತ್ತಿನ ತುಣುಕಿನಲ್ಲಿ ಆಗಲೂ ಏನೂ ಸಿಗದಿದ್ದರೆ ಮೇಲಿನ ಪ್ರತಿಪಾದನೆಯನ್ನು ಹಿಂತೆಗೆದುಕೊಳ್ಳಬೇಕಾಗುತ್ತದೆ.